ಹತ್ತಿಯ ನೆತ್ತಿ

ಸುರಪುರದ ರಂಗಂಪೇಟೆಯಲ್ಲಿ ಅಮರಪ್ಪನನ್ನು ಡಾಕ್ಟರ್ ಸಾಬ್ ಎಂದು ಕರೆಯುವವರು ಕೊನೆಕೊನೆಗೆ ಒಬ್ಬರೇ ಉಳಿದಿದ್ದರು, ಪಕ್ಕದ ಮನೆಯ ಸಾವಿತ್ರಿಬಾಯಿ. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ಅವನು ಡಾಕ್ಟರೂ ಅಲ್ಲ, ಸಾಬನೂ ಅಲ್ಲ. ದೇವಾಪುರದ ಆಚೆಗೊಂದು ಹಳ್ಳಿಯ ದನದ ದವಾಖಾನೆಯಲ್ಲಿ ಕಂಪೌಂಡರಾಗಿದ್ದು, ಮೂವತ್ತೊಂದು ವರ್ಷ ಕುರಿಗಳ ಬಾಯಿಗೆ ಜಂತಿನ ಔಷಧ ಹೊಯ್ದು ನಿವೃತ್ತನಾದವನು. ಆದರೆ ಆ ಮೂವತ್ತೊಂದು ವರ್ಷವೂ ಜನ ಅವನನ್ನು ಡಾಕ್ಟರೇ ಎಂದರು, ಅವನೂ ಒಂದು ದಿನ ಅಲ್ಲ ಎನ್ನಲಿಲ್ಲ. ಹೆಸರು ಮೈಗೆ ಹತ್ತಿಬಿಟ್ಟರೆ ಕಳಚಿಡುವುದು ಕಷ್ಟ, ಹಳೆಯ ಉಂಗುರದ ಹಾಗೆ.

ಅವನ ಹೆಸರೆಲ್ಲ ಇದ್ದದ್ದು ಬಲಗೈ ಹೆಬ್ಬೆರಳಿನಲ್ಲಿ. ಕುರಿಗೆ ಒಂದು ಬೇನೆ ಬರುತ್ತದೆ. ನಾಯಿಯ ಹೊಟ್ಟೆಯ ಹುಳದ ತತ್ತಿ ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರಿ, ಅಲ್ಲಿಂದ ಮಿದುಳಿಗೆ ಏರಿ, ನೀರು ತುಂಬಿದ ಗುಳ್ಳೆಯಾಗಿ ಬೆಳೆಯುತ್ತದೆ. ಕುರಿ ಕತ್ತು ವಾರೆ ಮಾಡಿಕೊಂಡು ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತುತ್ತದೆ, ಮೇವು ಬಿಡುತ್ತದೆ. ಗುಳ್ಳೆ ದೊಡ್ಡದಾದಂತೆ ಮೇಲಿನ ಎಲುಬು ಸವೆದು ನೆತ್ತಿ ಮೆತ್ತಗಾಗುತ್ತದೆ, ಒತ್ತಿದರೆ ಹಣ್ಣಾದ ಸೀತಾಫಲದ ಹಾಗೆ ಒಳಗೆ ಹೋಗುತ್ತದೆ. ಅಮರಪ್ಪ ಹೆಬ್ಬೆರಳಿಟ್ಟು ಒತ್ತಿ "ಮೆತ್ತಗದ" ಎಂದರೆ ಕುರಿಗಾರ ಮರುಮಾತಾಡದೆ ಕತ್ತಿ ತರುತ್ತಿದ್ದ. "ಗಟ್ಟಿ ಅದ" ಎಂದರೆ ಹಿಂಡಿಗೆ ಬಿಡುತ್ತಿದ್ದ. ಸುತ್ತಲ ಹತ್ತು ಹಳ್ಳಿಯಲ್ಲಿ ಆ ಬೆರಳಿನ ಮಾತಿಗೆ ಮೇಲ್ಮಾತಿರಲಿಲ್ಲ.

ನಿವೃತ್ತಿಯಾಗಿ ಏಳು ವರ್ಷ. ಚರ್ಮದ ಕೈಚೀಲ ಮೊಳೆಗೆ ತೂಗುಬಿದ್ದಿತ್ತು. ಕುರಿಗಾರರು ಮೊಬೈಲು ತೆಗೆದು ಬೇರೆ ಯಾರನ್ನೋ ಕೇಳುತ್ತಿದ್ದರು. ಹೆಂಡತಿ ಶಿವಬಸಮ್ಮ, "ಬೆರಳು ಖಾಲಿ ಅದಲ್ಲ, ಬಳ್ಳೊಳ್ಳಿ ಸುಲೀರಿ" ಎಂದು ಬುಟ್ಟಿ ಮುಂದಿಡುತ್ತಿದ್ದಳು. ಅವನು ಸುಲಿಯುತ್ತಿದ್ದ.

ಪಕ್ಕದ ಮನೆಯಲ್ಲಿ ಇದ್ದವರು ತಾಯಿ ಮಗಳು. ಸಾವಿತ್ರಿಬಾಯಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ವಯಸ್ಸಾಗಿ ಬಿಟ್ಟವಳು. ಮಗಳು ಪಂಚಶೀಲಾ ಪ್ರಾಥಮಿಕ ಶಾಲೆಯ ಟೀಚರು. ಬುದ್ಧನ ಮಾರ್ಗದ ಮನೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಪಂಚಶೀಲಾ ಬುದ್ಧನ ಮೂರ್ತಿಯ ಮುಂದೆ ದೀಪ ಹಚ್ಚಿ, ಕೈಮುಗಿದು, ಗಟ್ಟಿಯಾಗಿ ಐದು ಸಾಲು ಹೇಳುತ್ತಿದ್ದಳು. ಜೀವ ತೆಗೆಯುವುದಿಲ್ಲ ಎಂಬುದು ಮೊದಲನೆಯದು, ಸುಳ್ಳಾಡುವುದಿಲ್ಲ ಎಂಬುದು ನಾಲ್ಕನೆಯದು. ನಡುವಿನ ಗೋಡೆ ಎದೆಮಟ್ಟ. ಅಮರಪ್ಪನಿಗೆ ಆ ಐದು ಸಾಲು ಮುಗಿಯುವುದೂ ಚಹಾ ಬರುವುದೂ ಒಂದೇ ಹೊತ್ತು.

ಮನೆಯಲ್ಲಿ ಸುಮ್ಮನೆ ಕೂತ ತಾಯಿಗೆ ಬೇಸರವಾಗುತ್ತದೆಂದು ಪಂಚಶೀಲಾ ಯಾದಗಿರಿಯಲ್ಲಿ ಮೀನು, ಪಾರಿವಾಳ ಮಾರುವವನ ಹತ್ತಿರ ಎರಡು ಮೊಲದ ಮರಿ ತಂದಿದ್ದಳು. ಬೆಳ್ಳಗಿದ್ದದ್ದಕ್ಕೆ ಹತ್ತಿ, ಕೆಂಚಗಿದ್ದದ್ದಕ್ಕೆ ತೊಗರಿ ಎಂದು ಹೆಸರಿಟ್ಟವಳು ಮುದುಕಿಯೇ. "ನಮ್ಮ ನೆಲದಾಗ ಬೆಳೆಯೂದು ಇವೆರಡೇ ಅಲ್ಲೇನು" ಎಂದಿದ್ದಳು. ಅವಕ್ಕಾಗಿಯೇ ಗೋಡೆಯ ಪಕ್ಕ ಕೊತ್ತಂಬರಿಯ ಮಡಿ ಮಾಡಿದಳು. ಎರಡು ವರ್ಷ ಸುಖವಾಗಿ ಹೋಯಿತು.

ಸಂಕ್ರಾಂತಿ ಮುಗಿದ ವಾರ ಒಂದು ಬೆಳಿಗ್ಗೆ ಸಾವಿತ್ರಿಬಾಯಿ ಗೋಡೆಯ ಮೇಲಿಂದ ಕೂಗಿದಳು.

"ಡಾಕ್ಟರ್ ಸಾಬ್, ಜಲ್ದಿ ಬರ್ರಿ. ಹತ್ತಿ ಹ್ಯಾಂಗೋ ಮಾಡಾಕತ್ತದ."

ಅಮರಪ್ಪ ಹಾಗೇ ಹೋಗಬಹುದಿತ್ತು, ಹತ್ತು ಹೆಜ್ಜೆ. ಆದರೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಮೊಳೆಯಿಂದ ಕೈಚೀಲ ಇಳಿಸಿ ಧೂಳು ಹೊಡೆದ. ಶಿವಬಸಮ್ಮ ನಕ್ಕಳು. "ಮೊಲ ನೋಡಾಕ ಹೊಂಟೀರೋ, ಕಲೆಕ್ಟರ್ನ ನೋಡಾಕ ಹೊಂಟೀರೋ?"

ಹೋಗಿ ನೋಡಿದರೆ ಹತ್ತಿಯ ಕತ್ತು ಎಡಕ್ಕೆ ತಿರುಚಿಕೊಂಡು ಒಂದು ಕಣ್ಣು ನೆಲ, ಒಂದು ಕಣ್ಣು ಮುಗಿಲು ನೋಡುತ್ತಿತ್ತು. ನಡೆಯಲು ಹೋದರೆ ಸುತ್ತುತ್ತಿತ್ತು, ಸುತ್ತಿ ಉರುಳುತ್ತಿತ್ತು. ಅಂಗಳದಲ್ಲಿ ಓಣಿಯ ಏಳೆಂಟು ಜನ ಸೇರಿದ್ದರು, ಅವರಲ್ಲಿ ಹಳೆಯ ಪರಿಚಯದ ಕುರಿಗಾರರೂ ಇಬ್ಬರು. ಒಬ್ಬ ಹೇಳಿಯೇಬಿಟ್ಟ. "ಇದು ನಮ್ಮ ಕುರಿ ಸುತ್ತೂ ಬ್ಯಾನೀನೇ. ಹೌದಲ್ರಿ ಡಾಕ್ಟರ್?"

ಏಳು ವರ್ಷದ ಮೇಲೆ ಜನದ ನಡುವೆ ಆ ಮಾತು. ಅಮರಪ್ಪ ಕುಕ್ಕರಗಾಲಲ್ಲಿ ಕೂತು, ಹತ್ತಿಯನ್ನು ಮೊಣಕಾಲ ನಡುವೆ ಹಿಡಿದು, ನೆತ್ತಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ.

ಎಲುಬು ಗಟ್ಟಿಯಾಗಿತ್ತು.

ಜರುಗಿಸಿ ಒತ್ತಿದ. ಕಿವಿಯ ಬುಡದಲ್ಲಿ ಒತ್ತಿದ. ಎಲ್ಲಿಯೂ ಬೆರಳು ಇಳಿಯಲಿಲ್ಲ. ಅಂಗಳವೆಲ್ಲ ಅವನ ಬೆರಳನ್ನೇ ನೋಡುತ್ತಿತ್ತು. ಆಗ ಅವನು 'ಗಟ್ಟಿ ಅದ, ಇದೇನೋ ಬ್ಯಾರೆ, ನನಗ ತಿಳೀವಲ್ದು' ಎನ್ನಬೇಕಿತ್ತು. ಬಾಯಿಗೆ ಬಂದದ್ದು ಮೂವತ್ತೊಂದು ವರ್ಷದ ರೂಢಿಯ ಮಾತು.

"ಮೆತ್ತಗದ."

"ಅಂದ್ರ, ಕಾಕಾ?" ಎಂದಳು ಪಂಚಶೀಲಾ.

"ಅಂದ್ರ ಇಷ್ಟೇ, ತಂಗಿ. ಮಿದುಳಾಗ ಗುಳ್ಳೆ ಆಗೇದ. ಇದಕ್ಕ ದವಾ ಇಲ್ಲ. ಕುರಿ ಆಗಿದ್ರ ಕೊಯ್ದು ಹಂಚಿಬಿಡ್ತಿದ್ರು."

ಸಾವಿತ್ರಿಬಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಮರಪ್ಪ ಮೆತ್ತಗೆ ಹೇಳಿದ. "ಹಂಗ ಬ್ಯಾಡ. ನರಳೂದು ಯಾಕ? ಒಂದು ಸೂಜಿ ಕೊಟ್ರ ನೋವಿಲ್ದಂಗ ಮಲಗ್ತದ."

ಪಂಚಶೀಲಾ ಬಹಳ ಹೊತ್ತು ಒದ್ದಾಡಿದಳು. "ಖರೇನೇ ಬ್ಯಾರೆ ದಾರಿ ಇಲ್ಲೇನ್ರಿ ಕಾಕಾ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಅವನು ತಲೆ ಅಲ್ಲಾಡಿಸಿದ. ಕೊನೆಗೆ ಗೋಡೆ ಕಡೆ ಮುಖ ತಿರುಗಿಸಿ "ಹೂಂ" ಎಂದಳು.

ಒಂದು ಸಂಗತಿ ಅಮರಪ್ಪನ ಕಣ್ಣಿಗೆ ಬಿದ್ದಿತ್ತು, ಬಿದ್ದರೂ ನೋಡದವನಂತೆ ಇದ್ದ. ಸುತ್ತು ಬೇನೆ ಬಂದ ಕುರಿ ಮೇವು ಮುಟ್ಟುವುದಿಲ್ಲ. ಹತ್ತಿ ಮಾತ್ರ ಮುದುಕಿಯ ತೊಡೆಯ ಮೇಲೆ ಕತ್ತು ಸೊಟ್ಟ ಮಾಡಿಕೊಂಡು ಮಲಗಿದ್ದಲ್ಲೇ ಕೊತ್ತಂಬರಿ ತಿನ್ನುತ್ತಿತ್ತು. ಅವನು ಕೈಚೀಲದಿಂದ ಸೂಜಿ ತೆಗೆದು ಚುಚ್ಚಿದಾಗಲೂ ಒಂದು ಕಡ್ಡಿ ಬಾಯಲ್ಲೇ ಇತ್ತು. ಮೊದಲು ಅದರ ಅಲುಗಾಟ ನಿಂತಿತು, ಆಮೇಲೆ ಉಸಿರು. ಕಡ್ಡಿಯ ಸಮೇತ ಮಡಿಯ ಮೂಲೆಯಲ್ಲಿ ಹೂತರು.

ಮರುದಿನ ಬೆಳಿಗ್ಗೆ ಅಮರಪ್ಪ ಚಹಾಕ್ಕೆ ಕಾಯುತ್ತ ಕೂತಿದ್ದ. ಪಕ್ಕದ ಮನೆಯ ದನಿ ಬೇಗ ನಿಂತಂತೆನಿಸಿತು. ಅದರ ಮರುದಿನ ಬೆರಳು ಮಡಿಚಿ ಎಣಿಸಿದ. ನಾಲ್ಕೇ ಸಾಲು. ಮೊದಲನೆಯದು ಇರಲಿಲ್ಲ. ಯಾಕೆಂದು ಅವನು ಕೇಳಲಿಲ್ಲ. ಕೇಳದಿದ್ದರೆ ಗೊತ್ತಿಲ್ಲದ ಹಾಗೇ ಇರಬಹುದಲ್ಲ.

ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ತೊಗರಿಯ ಕತ್ತು ವಾಲಿತು. ಅದೇ ಎಡಕ್ಕೆ. ಈ ಸಲ ಕೂಗಲಿಲ್ಲ, ಸಾವಿತ್ರಿಬಾಯಿ ತಾನೇ ಮೊಲವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಅವನ ಕಟ್ಟೆಯ ಮೇಲಿಟ್ಟಳು. ಹಿಂದೆ ಪಂಚಶೀಲಾ.

"ಡಾಕ್ಟರ್ ಸಾಬ್, ಇದಕ್ಕೂ ಹಂಗೇ ಮಾಡಿಬಿಡ್ರಿ. ನನಗ ನೋಡಾಕ ಆಗಂಗಿಲ್ಲ" ಎಂದಳು ಮುದುಕಿ. ಮಗಳು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಅಮರಪ್ಪ ಒತ್ತಿದ. ಗಟ್ಟಿ. ಈ ಸಲ ಜನವಿರಲಿಲ್ಲ, ಕುರಿಗಾರರಿರಲಿಲ್ಲ. ಆದರೂ ನಿಜ ಹೊರಬರಲಿಲ್ಲ, ಅರ್ಧ ಬಂತು. "ಇದರದ್ದು... ಇನ್ನಾ ಮೆತ್ತಗಾಗಿಲ್ಲ. ಶಹಾಪುರದಾಗ ಒಬ್ಬಾಕಿ ಹೊಸ ಡಾಕ್ಟರ್ ಬಂದಾಳಂತ. ತೋರಿಸಿ ನೋಡೂಣು. ನಾನೂ ಬರ್ತೀನಿ."

ಬಸ್ಸಿನಲ್ಲಿ ಪಂಚಶೀಲಾ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಳು. ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಬುಟ್ಟಿಯೊಳಗೆ ತೊಗರಿ ಉರುಳುವ ಸಪ್ಪಳ. ಕಂಡಕ್ಟರ್ ಇಣುಕಿ, "ಇದಕ್ಕೂ ಟಿಕೆಟ್ ತಗೀಬೇಕ್ರಿ ಬಾಯಾರ. ಶಕ್ತಿ ಯೋಜನಾ ಮಂದಿಗಷ್ಟೇ" ಎಂದ. ಯಾರೂ ನಗದ್ದು ನೋಡಿ ಮುಂದೆ ಹೋದ.

ಡಾಕ್ಟರ್ ಆಮೀನಾಳ ದವಾಖಾನೆ ಎಂದರೆ ಅಂಗಡಿಯಷ್ಟು ಜಾಗ. ಮೂವತ್ತು ದಾಟದ ಹುಡುಗಿ, ತಲೆಗೆ ದುಪಟ್ಟಾ, ಮಾತು ಪಟಪಟ. ಮೊದಲು ಸಣ್ಣ ದೀಪದ ಕೊಳವೆಯಿಂದ ತೊಗರಿಯ ಎರಡೂ ಕಿವಿಯೊಳಗೆ ಬಗ್ಗಿ ನೋಡಿದಳು.

"ಕಿವಿ ಒಳಗ ಕೀವು ಆದ್ರೂ ಕತ್ತು ಹಿಂಗ ತಿರುಗ್ತದ. ಇದರ ಕಿವಿ ಸಾಫ್ ಅದ" ಎಂದಳು. ಆಮೇಲೆ ಕಣ್ಣು. ತೊಗರಿಯ ಕಣ್ಣುಗುಡ್ಡೆ ಗಡಿಯಾರದ ಲೋಲಕದ ಹಾಗೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತಿತ್ತು. ನೀರು ಹೆಚ್ಚು ಕುಡಿಯುತ್ತದಾ, ತಿನ್ನುತ್ತದಾ, ಮನೆಯಲ್ಲಿ ಬೇರೆ ಮೊಲ ಇದೆಯಾ ಎಂದು ಒಂದೊಂದೇ ಕೇಳಿದಳು.

"ಇತ್ತು. ಮೂರು ತಿಂಗಳ ಹಿಂದ ಹೋತು. ಅದಕ್ಕೂ ಹಿಂಗೇ ಆಗಿತ್ತು" ಎಂದಳು ಪಂಚಶೀಲಾ.

"ಹಂಗಾದ್ರ ನನಗ ಇದೇ ಅನಸ್ತದ. ಮಿದುಳಿಗೆ ಹೋಗೂ ಒಂದು ಪರಾವಲಂಬಿ ಜೀವಿ. ಕಣ್ಣಿಗೆ ಕಾಣೂ ಹುಳ ಅಲ್ಲ, ಭಾಳ ಸಣ್ಣದು. ಒಂದು ಮೊಲದ ಉಚ್ಚಿಯಿಂದ ಇನ್ನೊಂದಕ್ಕ ಹೋಗ್ತದ. ಮರಿ ಇದ್ದಾಗೇ ಬಂದಿರ್ಬೇಕು. ವರ್ಷಗಟ್ಲೆ ಸುಮ್ನ ಕೂತು, ಒಂದಿನ ಹಿಂಗ ಕತ್ತು ತಿರುವ್ತದ. ರಕ್ತ ಹೊರಗ ಕಳಸ್ತೀನಿ. ಆದ್ರ ರಿಪೋರ್ಟ್ ಬಂದ್ರೂ ಪಕ್ಕಾ ಹೇಳಾಕ ಬರಂಗಿಲ್ಲ, ಜೀವಿ ಯಾವಾಗರ ಮೈಯಾಗ ಹೊಕ್ಕಿತ್ತು ಅನ್ನೂದಷ್ಟೇ ತಿಳೀತದ. ಉಳದದ್ದು ನನ್ನ ಅಂದಾಜು. ರಿಪೋರ್ಟಿಗೆ ಕಾಯೂದು ಬ್ಯಾಡ, ಇವತ್ತೇ ದವಾ ಚಾಲೂ ಮಾಡೂಣು."

ಪಕ್ಕಾ ಹೇಳಲು ಬರುವುದಿಲ್ಲ ಎಂದು ಅವಳು ಎಷ್ಟು ಸಲೀಸಾಗಿ ಅಂದಳು! ಮೂವತ್ತೊಂದು ವರ್ಷದಲ್ಲಿ ಅಮರಪ್ಪ ಒಬ್ಬನೇ ಒಬ್ಬ ಕುರಿಗಾರನ ಮುಂದೆ ಆ ಮಾತು ಆಡಿದವನಲ್ಲ. ಅವಳ ಮರ್ಯಾದೆಯೇನೂ ಕಡಿಮೆಯಾದಂತೆ ಕಾಣಲಿಲ್ಲ.

"ದವಾ ಅದ ಏನ್ರಿ ಇದಕ್ಕ?" ಪಂಚಶೀಲಾಳ ದನಿ ಸಣ್ಣದಾಯಿತು.

"ಅದ. ಗ್ಯಾರಂಟಿ ಕೊಡಂಗಿಲ್ಲ. ಕೆಲವು ಉಳೀತಾವ, ಕೆಲವು ಇಲ್ಲ. ಉಳದ್ರೂ ಕತ್ತು ಒಂಚೂರು ಸೊಟ್ಟಾಗೇ ಇರಬಹುದು. ಆದ್ರ ತಿನ್ನಾಕತ್ತದಲ್ಲ, ತಿನ್ನೂ ಮೊಲದ ಮ್ಯಾಲೆ ನಾ ಆಸೆ ಬಿಡಂಗಿಲ್ಲ."

ಅವಳು ಕಪಾಟಿನಿಂದ ಬಾಟಲಿ ತೆಗೆದಿಟ್ಟಳು. ಹಾಲಿನಂಥ ಬಿಳಿ ಔಷಧ. ಅಮರಪ್ಪನಿಗೆ ಚೀಟಿ ಓದುವ ಅಗತ್ಯವಿರಲಿಲ್ಲ, ಆ ಬಾಟಲಿಯನ್ನು ಅವನು ಕತ್ತಲಲ್ಲೂ ಗುರುತಿಸುತ್ತಿದ್ದ.

"ಇದು... ಫೆನ್‌ಬೆಂಡಜೋಲ್ ಅಲ್ರಿ? ಕುರಿ ಜಂತಿನ ದವಾ?"

"ಅದೇ ಕಾಕಾ. ಕುರಿಗೆ ಒಂದ್ಸಲ ಹೊಯ್ದು ಬಿಡ್ತೀವಿ. ಇದಕ್ಕ ತೂಕ ನೋಡಿ ದಿನಾ ಇಷ್ಟಿಷ್ಟೇ, ಇಪ್ಪತ್ತೆಂಟು ದಿನ. ಒಂದು ದಿನ ತಪ್ಪಿಸೂಹಂಗಿಲ್ಲ. ಉರಳಿದ್ರ ಪೆಟ್ಟಾಗಬಾರ್ದು, ಸುತ್ತ ಟವೆಲ್ ಸುತ್ತಿ ಇಡ್ರಿ. ಗೂಡು ದಿನಾ ಕುದಿಯೂ ನೀರಿಂದ ತೊಳೀರಿ. ಮನಿಯಾಗ ವಯಸ್ಸಾದವ್ರು ಇದ್ರ ಉಚ್ಚಿ ಮುಟ್ಟಿದ ಮ್ಯಾಲೆ ಸೋಪಿಲೆ ಕೈ ತೊಳ್ಕೊಳ್ಳಲಿ." ಬರೆಯುತ್ತ ಬರೆಯುತ್ತ ಕೇಳಿದಳು. "ಮೊದಲಿಂದಕ್ಕ ಯಾರ ಕಡೆ ತೋರಿಸಿದ್ರಿ?"

"ಕಾಕಾನೇ ನೋಡಿದ್ರು. ಅದರ ನೆತ್ತಿ ಮೆತ್ತಗಾಗಿಬಿಟ್ಟಿತ್ತು" ಎಂದಳು ಪಂಚಶೀಲಾ.

ಆಮೀನಾಳ ಪೆನ್ನು ನಿಂತಿತು. "ಮೆತ್ತಗ? ಅದು ಕುರಿ ಬ್ಯಾನಿಯಾಗ ಆಗೂದು. ಈ ಬ್ಯಾನಿಯಾಗ ಮೊಲಕ್ಕ ಹಂಗ ಆಗಂಗಿಲ್ಲಲ್ಲ?"

ಇಬ್ಬರೂ ಅವನ ಕಡೆ ನೋಡಿದರು. ಅಮರಪ್ಪನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಹೋಯಿತು. "ಸಣ್ಣ ಜೀವ ನೋಡ್ರಿ, ಎಲುವು ತೆಳ್ಳಗ. ಕೈಗೆ ಹಂಗ ಹತ್ತಿತು" ಎಂದ. ಆಮೀನಾ ಒಂದು ಗಳಿಗೆ ಅವನ ಮುಖ ನೋಡಿ ಮತ್ತೆ ಬರೆಯತೊಡಗಿದಳು.

ಮನೆಗೆ ಬಂದವನೇ ಅಂಗಿಯನ್ನೂ ತೆಗೆಯದೆ ಮಂಚದ ಕೆಳಗಿನ ಟ್ರಂಕು ಎಳೆದ. ಸಿರಿಂಜು, ಹಳೆಯ ರಜಿಸ್ಟರು, ಅವುಗಳ ಕೆಳಗೆ ಅದೇ ಬಿಳಿ ಔಷಧದ ಎರಡು ಬಾಟಲಿ, ಮನೆಯ ಆಡಿಗೆಂದು ಕಳೆದ ದೀಪಾವಳಿಯಲ್ಲಿ ತಂದವು. ಒಂದರ ಸೀಲೂ ಒಡೆದಿರಲಿಲ್ಲ. ಹತ್ತಿಯ ಬಾಯಲ್ಲಿ ಕೊತ್ತಂಬರಿ ಇದ್ದ ದಿನ ಈ ಬಾಟಲಿ ಇಲ್ಲೇ, ಇದೇ ಮಂಚದ ಕೆಳಗೆ ಇತ್ತು.

ಶಿವಬಸಮ್ಮನಿಗೆ ಎಲ್ಲ ಹೇಳಿದ. ಅವಳು ಬೆಳ್ಳುಳ್ಳಿ ಬುಟ್ಟಿ ಬದಿಗಿಟ್ಟಳು.

"ಗಟ್ಟಿ ಇದ್ದದ್ದು ಮೆತ್ತಗದ ಅಂದ್ರಿ?"

"ಅಂದೆ."

"ಯಾಕ?"

"ಎಲ್ಲಾರೂ ನೋಡಾಕತ್ತಿದ್ರು."

ಅವಳು ಬುಟ್ಟಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು ಹೇಳಿದಳು. "ಆತು. ಈಗ ಬಾಯಿ ಮುಚ್ಕೊಂಡಿರ್ರಿ. ಹೇಳಿದ್ರ ಸತ್ತ ಮೊಲ ಎದ್ದು ಬರ್ತದೇನು? ಬಾಜೂ ಮನಿ ಕಳ್ಕೋತೀವಿ, ಅಷ್ಟೇ."

ಮೊದಲ ದಿನದ ಔಷಧ ಆಮೀನಾಳೇ ಕುಡಿಸಿದ್ದಳು, ಮರುದಿನದಿಂದ ಆ ಕೆಲಸ ಅಮರಪ್ಪನೇ ವಹಿಸಿಕೊಂಡ. ದಿನಾ ಬೆಳಿಗ್ಗೆ ನಾಲ್ಕು ಸಾಲು ಮುಗಿದ ಮೇಲೆ ಹೋಗಿ, ತೊಗರಿಯನ್ನು ಟವೆಲಿನಲ್ಲಿ ಸುತ್ತಿ, ಬಾಯಿಯ ಬದಿಯಿಂದ ಸಿರಿಂಜು ತೂರಿಸಿ ಹನಿಹನಿಯಾಗಿ ಬಿಡುತ್ತಿದ್ದ. ಮೊದಲ ವಾರ ಮೊಲ ಉರುಳುವುದು ನಿಲ್ಲಲಿಲ್ಲ. ಮುದುಕಿ ಹಸಿ ಹುಲ್ಲು ಅರೆದು ತಿನ್ನಿಸಿದಳು, ಗೂಡು ತೊಳೆದೂ ತೊಳೆದೂ ಕೈಗೆ ಬೊಬ್ಬೆ ಬಂತು. ಎರಡನೆಯ ವಾರ ಕಣ್ಣುಗುಡ್ಡೆ ನಿಂತಿತು. ಮೂರನೆಯ ವಾರ ತೊಗರಿ ತಾನೇ ಎದ್ದು, ಕುಡಿದವನ ಹಾಗೆ ತೂರಾಡುತ್ತ ಕೊತ್ತಂಬರಿ ಮಡಿಯ ತನಕ ಹೋಯಿತು. ಸಾವಿತ್ರಿಬಾಯಿ ಓಣಿಗೆಲ್ಲ ಕೇಳುವಂತೆ ಕೂಗಿದಳು. "ನಮ್ಮ ಡಾಕ್ಟರ್ ಸಾಬರ ಕೈಗುಣ ನೋಡ್ರಿ!"

ಆ ದಿನವೇ, ಸಿರಿಂಜು ತೊಳೆಯುತ್ತಿದ್ದಾಗ, ಪಂಚಶೀಲಾ ಮೆಲ್ಲಗೆ ಹೇಳಿದಳು.

"ಕಾಕಾ, ನಿಮಗೊಂದು ಮಾತು. ಹತ್ತಿ ಹೋದಾಗಿಂದ ಮೊದಲನೇ ಶೀಲ ನನ್ನ ಬಾಯಾಗ ಬರವಲ್ದು. ಜೀವ ತೆಗಿಯಂಗಿಲ್ಲ ಅಂತ ಹ್ಯಾಂಗ ಹೇಳ್ಲಿ? ನೀವು ಸೂಜಿ ಕೊಟ್ರಿ, ಆದ್ರ ಹೂಂ ಅಂದಾಕಿ ನಾನು. ಅದರ ನೆತ್ತಿ ಮೆತ್ತಗಿತ್ತು, ಬ್ಯಾರೆ ದಾರಿ ಇರಲಿಲ್ಲ ಅಂತ ದಿನಾ ಮನಸಿಗೆ ಹೇಳ್ಕೋತೀನಿ. ಅಷ್ಟೇ ಒಂದು ಸಮಾಧಾನ."

ಅಮರಪ್ಪ ಸಿರಿಂಜನ್ನು ಮತ್ತೊಮ್ಮೆ ತೊಳೆದ. ಹೇಳಿದರೆ ಅವಳ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ತನ್ನ ಪಾಪ ಅವಳ ನಾಲಿಗೆಯ ಮೇಲೆ ಕೂತಿರುತ್ತದೆ. ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆ ಬಂತು, ನಾಡಿದ್ದೂ ಬಂತು. ಎಂಥ ಹೇಡಿ ನೋಡಿ, ಔಷಧ ಮುಗಿಯುವ ತನಕ ಒಂದೇ ಒಂದು ದಿನ ತಪ್ಪಿಸಲಿಲ್ಲ, ಮಾತನ್ನು ಮಾತ್ರ ದಿನಾ ತಪ್ಪಿಸಿದ.

ಇಪ್ಪತ್ತೆಂಟನೆಯ ದಿನ ಭಾನುವಾರ. ಕೊನೆಯ ಹನಿ ಕುಡಿಸಿ ಬಿಟ್ಟಾಗ ತೊಗರಿ ಅಂಗಳದಲ್ಲಿ ನೆಟ್ಟಗೆ ಕುಪ್ಪಳಿಸಿತು. ಕತ್ತು ತುಸುವೇ ವಾರೆ, ಯಾರದೋ ಮಾತು ಕೇಳಿಸಿಕೊಳ್ಳುವವರ ಹಾಗೆ. ಅಷ್ಟರಲ್ಲಿ ಸಾವಿತ್ರಿಬಾಯಿ ಒಳಗಿನಿಂದ ಹೊಸ ಶಾಲು, ಒಂದು ಹೂವಿನ ಹಾರ ತಂದಳು.

"ಕೂಡ್ರಿ ಡಾಕ್ಟರ್ ಸಾಬ್. ನಿಮಗ ನಮ್ಮ ಮನಿ ಸನ್ಮಾನ. ಹತ್ತಿಗೆ ಶಾಂತಿ ಕೊಟ್ರಿ, ತೊಗರಿಗೆ ಜೀವ ಕೊಟ್ರಿ."

ಶಾಲು ಹೆಗಲ ತನಕ ಬಂದಿತ್ತು. ಅಮರಪ್ಪ ಅವಳ ಕೈ ತಡೆದ. ಬಗ್ಗಿ ತೊಗರಿಯನ್ನು ಎತ್ತಿಕೊಂಡು ಪಂಚಶೀಲಾಳ ಮುಂದೆ ಹಿಡಿದ.

"ತಂಗಿ, ಇದರ ನೆತ್ತಿ ಮ್ಯಾಲೆ ಹೆಬ್ಬೆಟ್ಟು ಇಟ್ಟು ಒತ್ತಿ ನೋಡು."

"ಯಾಕ್ರಿ ಕಾಕಾ?"

"ಒತ್ತು."

ಅವಳು ಒತ್ತಿದಳು.

"ಹ್ಯಾಂಗದ?"

"ಗಟ್ಟಿ ಅದ."

"ಹತ್ತೀದೂ ಹಿಂಗೇ ಇತ್ತು."

ಅವಳು ಬೆರಳು ತೆಗೆಯಲಿಲ್ಲ. ತೆಗೆಯುವುದು ಮರೆತಂತಿತ್ತು.

"ಅಂದ್ರ?"

"ಮೆತ್ತಗಿರಲಿಲ್ಲ. ಎಲ್ಲಾ ಕಡೆ ಒತ್ತಿ ನೋಡಿದೆ, ಗಟ್ಟಿ ಇತ್ತು. ಮಂದಿ ಮುಂದ ತಿಳೀವಲ್ದು ಅನ್ನಾಕ ನಾಚಿಕಿ ಬಂತು. ಸುಳ್ಳು ಹೇಳಿದೆ."

"ಶಹಾಪುರದಾಗ ಡಾಕ್ಟರ್ ಕೇಳಿದಾಗ?"

"ಅವಾಗೂ ಸುಳ್ಳು."

"ಹತ್ತಿ ಉಳೀತಿತ್ತಾ?"

"ಗೊತ್ತಿಲ್ಲವ್ವ." ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. "ಉಳೀತಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಅದೇ ದವಾ ನನ್ನ ಟ್ರಂಕಿನಾಗಿತ್ತು. ನೀ ಹೂಂ ಅಂದದ್ದು ನನ್ನ ಸುಳ್ಳಿಗೆ. ಅದು ನಿನ್ನ ಲೆಕ್ಕಕ್ಕ ಬರಂಗಿಲ್ಲ."

ಪಂಚಶೀಲಾ ತೊಗರಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಜಗಳಾಡುತ್ತಾಳೆಂದು ಅವನು ಕಾದ, ಒಂದೆರಡು ಏಟು ಹೊಡೆದರೂ ಸರಿ ಎಂದು ಕಾದ. ಅವಳು ಮೊಲವನ್ನು ಎದೆಗೆ ಒತ್ತಿಕೊಂಡು ಇಷ್ಟೇ ಹೇಳಿದಳು.

"ಮೂರು ಸಲ ಕೇಳಿದ್ದೆ ನಿಮಗ."

"ಹೌದು."

"ನಾಳಿಂದ ಬರಬ್ಯಾಡ್ರಿ."

ಅವಳು ಒಳಗೆ ಹೋದಳು. ಸಾವಿತ್ರಿಬಾಯಿ ಶಾಲು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಅದನ್ನು ನಿಧಾನವಾಗಿ, ಅಂಗಡಿಯಲ್ಲಿ ಮಡಿಚಿದ ಗೆರೆಯ ಮೇಲೆಯೇ ಮಡಿಚತೊಡಗಿದಳು. ಅವನು ಹೊಸ್ತಿಲು ದಾಟುವಾಗ ಹಿಂದಿನಿಂದ ಅವಳ ದನಿ ಬಂತು.

"ಕೊತ್ತಂಬರಿ ತಿನ್ನಾಕತ್ತಿತ್ತಲ್ಲೋ ಅದು."

ಮರುದಿನ ಬೆಳಿಗ್ಗೆ ಅಮರಪ್ಪ ಕಟ್ಟೆಯ ಮೇಲೆ ಕೂತು ಬೆರಳು ಮಡಿಚಿದ. ದನಿ ಶುರುವಾಗಲು ತಡವಾಯಿತು. ಮೊದಲನೆಯ ಸಾಲು ನಡುವೆ ಒಮ್ಮೆ ನಿಂತು, ಮತ್ತೆ ಶುರುವಾಗಿ, ಪೂರ್ತಿ ಬಂತು. ಐದೂ ಬಂದವು. ಚಹಾ ತಂದ ಶಿವಬಸಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಅದು ಅಲ್ಲೇ ಆರಿತು.

ಮೊಳೆಯ ಮೇಲಿದ್ದ ಕೈಚೀಲವನ್ನು ಅವನು ಟ್ರಂಕಿಗೆ ಹಾಕಿದ. ಒಬ್ಬ ಕುರಿಗಾರ ಕತ್ತು ವಾಲಿದ ಕುರಿ ತಂದಾಗ ಮುಟ್ಟದೆ, "ನನಗ ತಿಳಿಯಂಗಿಲ್ಲಪ್ಪ, ಶಹಾಪುರಕ್ಕ ಒಯ್ಯಿ" ಎಂದು ಕಳಿಸಿದ. ಇದನ್ನು ಮೊದಲೇ ಒಮ್ಮೆ, ಒಂದೇ ಒಂದು ಸಲ, ಅಂದಿದ್ದರೆ ಸಾಕಿತ್ತು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಕೂಗು ಬಂತು. ಎರಡು ತಿಂಗಳ ಮೇಲೆ ಸಾವಿತ್ರಿಬಾಯಿಯ ದನಿ. ಅಮರಪ್ಪ ದಡಬಡಿಸಿ ಎದ್ದ.

"ಅಮರಪ್ಪಾ, ನಿಮ್ಮ ಆಡು ನಮ್ಮ ಕೊತ್ತಂಬರಿಗೆ ಬಾಯಿ ಹಾಕ್ಯಾದ. ಹಿಡಕೊಂಡು ಹೋಗು."

ಹೋದ. ಮಡಿಯ ಮೂಲೆಯಲ್ಲಿ, ಹತ್ತಿಯನ್ನು ಹೂತಲ್ಲಿ, ಕೊತ್ತಂಬರಿ ಬೇರೆಲ್ಲ ಕಡೆಗಿಂತ ದಟ್ಟವಾಗಿ ಬೆಳೆದಿತ್ತು. ತೊಗರಿ ಅದರ ಪಕ್ಕದಲ್ಲಿ ಕೂತು, ವಾರೆ ಕತ್ತಿನಿಂದ ಅವನನ್ನೇ ನೋಡುತ್ತಿತ್ತು. ಅವನು ಅದರ ಕಡೆ ಕೈ ಚಾಚಲಿಲ್ಲ. ಆಡಿನ ಹಗ್ಗ ಹಿಡಿದು ಎಳೆದುಕೊಂಡು ಬಂದ.